ಬಾಗಿಲ ಕೆಳಗಿನ ಕಪ್ಪು ಕಾಗದ

ಧಾರಾವಾಹಿ: ಒಂಬತ್ತನೆಯ ಕಂತು

“ಸೂಜಿ ನಡುವಿನಿಂದ ಹೊಂಟೈತ್ರಿ,” ಎಂದಳು ಅಖ್ತರಿ.

ಮುಂಡರಗಿಯ ಕರಿಯವ್ವನ ಅಂಗಳದಲ್ಲಿ ಗಾದಿಯನ್ನು ಎಳೆದು ಬಿಸಿಲಿಗೆ ಹಾಕಿದ್ದೆವು. ಅಖ್ತರಿ ಅದರ ಪಕ್ಕ ಮಂಡಿಯೂರಿ ಕೂತು, ಹೊಲಿಗೆಯ ಒಂದೊಂದು ಟಾಕನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

“ನಡುವಿನಿಂದ ಅಂದ್ರ?” ಎಂದೆ.

“ಎಲ್ಲಾರೂ ಮೂಲ್ಯಾಗ ಗಂಟ ಹಾಕಿ ಶುರು ಮಾಡ್ತಾರ್ರಿ ಸಾಹೇಬ್ರ. ನಮ್ಮ ಮನಿಯವರು ಅಷ್ಟ ನಟ್ಟನಡಕ ಮೊದಲನೇ ಟಾಕು ಹಾಕ್ತಾರ. ನಡಾ ಗಟ್ಟಿ ಹಿಡದ್ರ ಗಾದಿ ಎಂದೂ ಕುಸಿಯಂಗಿಲ್ಲ ಅಂತಾರ.”

ಎಂಟು ತಿಂಗಳಾದರೂ ಆಕೆ ಗಂಡನ ವಿಷಯವನ್ನು ಹೀಗೇ ಹೇಳುತ್ತಾಳೆ, ಒಳಗಿನ ಕೋಣೆಯಲ್ಲಿ ಕೂತಿದ್ದಾನೇನೋ ಎಂಬಂತೆ. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುತ್ತಿದ್ದ ಮಾಶಾಕ ಒಂದು ಬೆಳಿಗ್ಗೆ ಚಹಾ ಕುಡಿದು ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ. ಮೊನ್ನೆ ಡಾಕ್ಟರ್ ಮಮತಾ ಅವರ ಪೆಟ್ಟಿಗೆ ಮೊದಲ ಸಲ ಅವನ ಸುಳಿವು ಕೊಟ್ಟಿತ್ತು.

ಪೆಟ್ಟಿಗೆ ಎಂದೆನಲ್ಲ, ಅದು ಅಡುಗೆಮನೆಯ ಮಿಕ್ಸರಿಗಿಂತ ದೊಡ್ಡದಲ್ಲ. ಗಜಕರ್ಣ ಎದ್ದವರ ಚರ್ಮವನ್ನು ಮೆಲ್ಲಗೆ ಕೆರೆದು, ಉದುರಿದ ಪುಡಿಯನ್ನು ಕಪ್ಪು ಕಾಗದದಲ್ಲಿ ಮಡಿಚಿ ತರುತ್ತಾರೆ. ಆ ಪುಡಿಯೊಳಗಿನ ಶಿಲೀಂಧ್ರದ ಜೀನನ್ನು ಪೆಟ್ಟಿಗೆ ಓದುತ್ತದೆ. ಯಾವ ಗುಳಿಗೆಗೆ ಅದು ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಎರಡೂವರೆ ತಾಸಿನಲ್ಲಿ ಹೇಳಿಬಿಡುತ್ತದೆ. ಮೊದಲೆಲ್ಲ ಇದೇ ಉತ್ತರಕ್ಕೆ ದೂರದ ಊರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ರೋಗಿ ಪೇಟೆಯಲ್ಲಿ ಸಿಕ್ಕ ಮುಲಾಮನ್ನೆಲ್ಲ ಬಳಿದುಕೊಂಡು ಮೈ ಹುಣ್ಣು ಮಾಡಿಕೊಂಡಿರುತ್ತಿದ್ದ.

ಜಿಲ್ಲೆಯಲ್ಲಿ ಇಲ್ಲಿಯವರೆಗೆ ಇನ್ನೂರ ಹನ್ನೆರಡು ಜನರ ಪುಡಿಯನ್ನು ಓದಿದ್ದರು. ಸಾದಾ ಗುಳಿಗೆಗೆ ಜಗ್ಗದ ಗಜಕರ್ಣ ಬಹಳ ಮಂದಿಯಲ್ಲಿ ಸಿಕ್ಕಿತ್ತು. ಆದರೆ ಒಂದೇ ಜೀನಿನಲ್ಲಿ ಎರಡು ಕಡೆ ಬದಲಾದದ್ದು ಇಬ್ಬರ ಮೈಮೇಲೆ ಮಾತ್ರ. ಒಬ್ಬಳು ಅಖ್ತರಿ. ಇನ್ನೊಬ್ಬಳು ಮುಂಡರಗಿಯಲ್ಲಿ ಖಾನಾವಳಿಗೆ ರೊಟ್ಟಿ ಬಡಿಯುವ ಈ ಕರಿಯವ್ವ. ಇಬ್ಬರೂ ಇವತ್ತಿನವರೆಗೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಅಖ್ತರಿಗೆ ಅದು ಅಂಟಿದ್ದು ಗಂಡನಿಂದ. ಕರಿಯವ್ವನಿಗೆ ಯಾರಿಂದ?

ಪೊಲೀಸರ ತಲೆ ಎತ್ತ ಓಡುತ್ತದೆಂದು ನಿಮಗೆ ಗೊತ್ತೇ ಇದೆ. ನಿನ್ನೆಯೆಲ್ಲ ನನ್ನದೂ ಅತ್ತಲೇ ಓಡಿತ್ತು. ಇವತ್ತು ಬಂದು ನೋಡಿದರೆ ಕರಿಯವ್ವನಿಗೆ ಅರವತ್ತೈದು ದಾಟಿದೆ. ನಾನು ಬಾಯಿ ತೆರೆಯುವ ಮೊದಲೇ ಬೈಯಲು ಸಜ್ಜಾಗಿ ಕಟ್ಟೆಯ ಮೇಲೆ ಕೂತಿದ್ದಳು.

“ಗಂಡಸೂರ ಸುದ್ದಿ ನನ್ನ ಕೇಳಬ್ಯಾಡ್ರಿ ಪೊಲೀಸಪ್ಪಾರ. ಈ ಗಾದಿ ಬಂದ ಮ್ಯಾಲ ನನಗ ತುರಿಕಿ ಹತ್ತೇತಿ. ಮೂರ ತಿಂಗಳಾತು. ಒಲಿ ಮುಂದ ಕುಂತ್ರ ಬೆನ್ನು ಉರದು ಜೀವಾ ಹೋಗ್ತೈತಿ.”

“ಗಾದಿ ಎಲ್ಲಿಂದ ಬಂತು ಯವ್ವಾ?”

“ಶಿರಹಟ್ಟಿಂದ. ಶಫೀಕನ ಅಂಗಡ್ಯಾಗಿಂದು. ನಮ್ಮ ತಂಗಿ ಮಗಳ ಮದುವಿಗೆ ಹೊಸಾವು ನಾಕ ಮಾಡಿಸಿದ್ರು, ಒಂದ ನನಗ ಕೊಟ್ರು.”

ಶಫೀಕ ಮಾಶಾಕನ ಒಡಹುಟ್ಟಿದ ತಮ್ಮ. ಎಂಟು ತಿಂಗಳಲ್ಲಿ ಅಣ್ಣನ ಮುಖವನ್ನೇ ನೋಡಿಲ್ಲ ಎಂದು ನನ್ನೆದುರು ಮೂರು ಸಲ ಆಣೆ ಮಾಡಿದ್ದವನು.

ಅಖ್ತರಿ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. “ಗಾದಿ ಮುಗೀತಂದ್ರ ಅವರು ಅಂಗಿ ತಗದು ಅದರ ಮ್ಯಾಲ ಒಂದ ಸಲ ಹೊರಳ್ತಾರ್ರಿ. ಎಲ್ಲೆರ ಗಂಟ ಇದ್ರ ಬರೇ ಬೆನ್ನಿಗೆ ಗೊತ್ತಾಗ್ತೈತಿ. ಗಂಟ ಹತ್ತಿತಂದ್ರ ಬಿಚ್ಚಿ ಮತ್ತ ಅರಳಿ ಹಿಂಜ್ತಾರ. ಅವರಪ್ಪಾನೂ ಹಂಗ ಮಾಡ್ತಿದ್ದ.”

ನಾನು ಮಮತಾ ಅವರ ಕಡೆ ನೋಡಿದೆ. ಅವರು ಗಾದಿಯ ಖೋಳದಿಂದ ಒಂದು ಚೂರು ಬಟ್ಟೆ ಕತ್ತರಿಸಿ ಚೀಟಿ ಅಂಟಿಸುತ್ತಿದ್ದರು. ನಲವತ್ತರ ಹೆಂಗಸು, ಗದಗಿನವರು, ಮಾತು ಕಡಿಮೆ.

“ಉದುರಿದ ಚರ್ಮದಾಗ ಅದು ತಿಂಗಳಾನುಗಟ್ಟಲೆ ಜೀವಂತ ಇರ್ತೈತಿ,” ಎಂದರು. “ಆದ್ರ ಫಕೀರೇಶಪ್ಪಾರ, ಇದು ಯಾವ ಗುಳಿಗಿ ಕೊಡಬೇಕಂತ ಹೇಳೂ ಪರೀಕ್ಷೆ. ಯಾವ ಮನಷ್ಯಾ ಅಂತ ಹೇಳೂದಲ್ಲ. ನಿಮ್ಮ ಇಬ್ಬರು ಹೆಣ್ಣಮಕ್ಕಳ ಪುಡಿ ಹೊಂದ್ಯಾವ, ಅಷ್ಟ ನಾ ಹೇಳೂದು.”

“ಸೂಜಿ ಹೇಳ್ತೈತಲ್ರಿ ಡಾಕ್ಟರ್ ಬಾಯಾರ,” ಎಂದಳು ಅಖ್ತರಿ. “ಮೂರ ತಿಂಗಳ ಹಿಂದ ಅವರು ಶಿರಹಟ್ಟ್ಯಾಗ ಇದ್ರು.”

ಅಷ್ಟು ಹೇಳಿ ಆಕೆ ಮತ್ತೆ ಕೂತು, ಆ ಪರರ ಮನೆಯ ಗಾದಿಯ ನಡುವಿಗೆ ಕೆನ್ನೆ ಹಚ್ಚಿದಳು. ಬೈಯುತ್ತಿದ್ದ ಕರಿಯವ್ವ ಕಟ್ಟೆಯಿಂದ ಎದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಆಕೆಯ ಪಕ್ಕ ಇಟ್ಟಳು.

*

ಮುಂಡರಗಿಯಿಂದ ಶಿರಹಟ್ಟಿಗೆ ಜೀಪು ಹೊರಟಾಗ ಹನ್ನೊಂದಾಗಿತ್ತು. ಮಂಗಳವಾರ ಮಮತಾ ಅವರ ಪೆಟ್ಟಿಗೆ ಶಿರಹಟ್ಟಿಯ ಆಸ್ಪತ್ರೆಯಲ್ಲಿ ಕೂರುವ ದಿನ. ಪೆಟ್ಟಿಗೆ ಅವರ ತೊಡೆಯ ಮೇಲೇ ಇತ್ತು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸೋಮಾರಿಗಳ ಹಾಗೆ ತಿರುಗುತ್ತಿದ್ದವು.

ಮಮತಾ ಹಿಂದೆ ಕೂತಿದ್ದ ಅಖ್ತರಿಯ ಕಡೆ ತಿರುಗಿ ಕೇಳಿದರು. “ಹತ್ತ ದಿನದ ಹಿಂದ ಬ್ಯಾರೆ ಗುಳಿಗಿ ಕೊಟ್ಟಿದ್ನೆಲ್ಲ, ತಗೊಂಡಿ?”

ಅಖ್ತರಿ ಕಿಟಕಿಯ ಆಚೆ ನೋಡಿದಳು.

“ಕೈ ತೋರ್ಸು.”

ರವಿಕೆಯ ತೋಳಿನ ಕೆಳಗೆ ಬಳೆಯಷ್ಟು ಅಗಲದ ಕೆಂಪು ವೃತ್ತ. ಅಂಚು ಇನ್ನೂ ಹಸಿಯಾಗಿ ಎದ್ದಿತ್ತು.

“ಒಂದೂ ತಗೊಂಡಿಲ್ಲ,” ಎಂದರು ಮಮತಾ. ಸಿಟ್ಟು ಬಂದಿತ್ತು ಅವರಿಗೆ. “ಮೊದಲಿನ ಗುಳಿಗಿ ನಾಟಲಿಲ್ಲ, ಯಾಕಂದ್ರ ಆ ರೋಗದ ಕೀಲಿ ಬದಲಾಗಿತ್ತು. ಯಾವ ಕೀಲಿಗೆ ಯಾವ ಕೀಲಿಕೈ ಅಂತ ಹುಡುಕಾಕ ನಾವು ಇಷ್ಟ ಒದ್ದಾಡ್ತೇವಿ. ಸಿಕ್ಕ ಮ್ಯಾಲ ಡಬ್ಬ್ಯಾಗ ಇಟಗೊಂಡು ಕುಂತೀಯಲ್ಲ!”

“ತಗೋತೇನ್ರಿ ಬಾಯಾರ.”

“ಯಾವಾಗ?”

ಅಖ್ತರಿ ಆ ವೃತ್ತದ ಮೇಲೆ ಸೆರಗು ಎಳೆದುಕೊಂಡಳು. ಸಣ್ಣ ದನಿಯಲ್ಲಿ ಹೇಳಿದಳು. “ಅವರ ಅಂಗಿ ಒಗದ ಮ್ಯಾಲ ಅವರ ವಾಸನಿ ಹೋತು. ಹಾಸಿಗಿ ಬಿಸಲಿಗೆ ಹಾಕಿದ್ನಿ, ತಲಿಗೂದಲಾ ಹೋದ್ವು. ಇದೊಂದ ಅವರದು ನನ್ನ ಹಂತ್ಯಾಕ ಉಳದೈತಿ. ಇದೂ ವಾಸಿ ಆತಂದ್ರ ನನಗ ಅವರ ಗುರುತ ಏನ ಉಳೀತೈತ್ರಿ?”

ಮಮತಾ ಮುಂದಕ್ಕೆ ತಿರುಗಿ ಕೂತರು. ಮೂವತ್ತೊಂದು ವರ್ಷ ಖಾಕಿ ಹಾಕಿದ್ದೇನೆ. ಗಂಡನ ಫೋಟೊ, ಗಂಡನ ವಾಚು, ಗಂಡನ ಚಪ್ಪಲಿ ಇಟ್ಟುಕೊಂಡು ಕಾಯುವ ಹೆಂಗಸರನ್ನು ಕಂಡಿದ್ದೇನೆ. ಗಂಡ ಕೊಟ್ಟ ತುರಿಕೆಯನ್ನು ಇಟ್ಟುಕೊಂಡು ಕಾಯುವವಳನ್ನು ಕಂಡಿರಲಿಲ್ಲ. ನನಗೆ ನಗು ಬರಬೇಕಿತ್ತು. ಬದಲಿಗೆ ಡ್ರೈವರನಿಗೆ ಜಲ್ದಿ ಹೊಡಿ ಎಂದು ಸುಮ್ಮನೆ ರೇಗಿದೆ.

*

ಶಫೀಕನ ಅಂಗಡಿಯಲ್ಲಿ ಅರಳೆ ಹಿಂಜುವ ಮಷಿನ್ ಕಿವುಡಾಗುವಷ್ಟು ಸದ್ದು ಮಾಡುತ್ತಿತ್ತು. ಗಾಳಿಯ ತುಂಬ ಹತ್ತಿಯ ಎಳೆ. ಶಫೀಕ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ನಮ್ಮನ್ನು ನೋಡಿ ಅವನೇ ಮಷಿನ್ ಬಂದ್ ಮಾಡಿದ.

“ಭಾಬಿ, ನೀವ್ಯಾಕ ಇಷ್ಟ ದೂರ ಬರಾಕ ಹೋದ್ರಿ? ಫೋನ್ ಮಾಡಿದ್ರ ನಾನ ಬರ್ತಿದ್ನೆಲ್ಲ.”

“ಮುಂಡರಗಿಗೆ ಮದುವಿ ಗಾದಿ ನಾಕ ಕೊಟ್ಟಿಯಂತ,” ಎಂದೆ ನಾನು. “ಯಾರ ಹೊಲದ್ರು?”

“ನಾನ ರೀ. ಮತ್ಯಾರ ಹೊಲೀತಾರ?”

ಮೂಲೆಯಲ್ಲಿ ಅರಳೆ ತುಂಬಿ ಬಾಯಿ ಮುಚ್ಚಿದ, ಇನ್ನೂ ಟಾಕು ಹಾಕದ ಒಂದು ಗಾದಿ ಇತ್ತು. ಗೋಡೆಗೆ ಚುಚ್ಚಿದ್ದ ಗೇಣುದ್ದದ ಸೂಜಿಯನ್ನು ತೆಗೆದು ಅವನ ಕೈಗೆ ಕೊಟ್ಟೆ.

“ಒಂದ ನಾಕ ಟಾಕು ಹಾಕಿ ತೋರ್ಸು.”

“ಈಗೇನ್ ಸಾಹೇಬ್ರ, ಊಟದ ಹೊತ್ತು...”

“ಹಾಕು.”

ಅವನು ದಾರ ಪೋಣಿಸಿದ. ಬಾಗಿದ. ಕೈಗೆ ಬುದ್ಧಿ ಹೇಳಿಕೊಡುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ. ಎಡಗಡೆಯ ಮೂಲೆಗೆ ಹೋಗಿ ಗಂಟು ಹಾಕಿ, ಅಂಚಿನಗುಂಟ ಒಂದು, ಎರಡು, ಮೂರು ಟಾಕು ಎಳೆದ. ಆಮೇಲೆ ತಲೆಯೆತ್ತಿ ಅಖ್ತರಿಯ ಮುಖ ನೋಡಿದ. ಸೂಜಿ ಅಲ್ಲೇ ನಿಂತಿತು.

“ಮುಂಡರಗಿ ಗಾದಿ ನಡಕ ಶುರು ಆಗೇತಿ ಶಫೀಕ,” ಎಂದಳು ಆಕೆ. “ನಿಮ್ಮಣ್ಣಾರ ಕೈ ಅದು. ನನ್ನ ಮುಂದ ಇನ್ನೂ ಸುಳ್ಳ ಹೇಳ್ತಿ?”

ಶಫೀಕ ಅರಳೆಯ ರಾಶಿಯ ಮೇಲೆ ಕುಸಿದು ಕೂತ. ಮೂಗಿನ ಬಟ್ಟೆಯನ್ನು ಕೆಳಗೆ ಎಳೆದ. ಅಷ್ಟು ದಿನ ನಾನು ಅವನನ್ನು ಗಟ್ಟಿ ಆಸಾಮಿ ಎಂದುಕೊಂಡಿದ್ದೆ. ಮುಖ ಬಿಳಿಚಿ ಹೋಗಿತ್ತು.

“ಒಳಗ ಅದಾನ,” ಎಂದ.

ಅಖ್ತರಿಯ ಕೈ ನನ್ನ ತೋಳನ್ನು ಹಿಡಿದುಕೊಂಡಿತು. ಹಿಡಿದದ್ದು ಆಕೆಗೆ ಗೊತ್ತಾಗಲಿಲ್ಲ.

“ಯಾಕ ಮುಚ್ಚಿಟ್ಟಿ?” ಎಂದೆ.

“ಹೇಳಬ್ಯಾಡಂತ ಅಣ್ಣನ ಅಂದಿದ್ದ ರೀ. ಮೈತುಂಬ ಗಜಕರ್ಣ ಎದ್ದಿತ್ತು. ಪ್ಯಾಟ್ಯಾಗಿನ ಟ್ಯೂಬ್ ಹಚ್ಚಿ ಹಚ್ಚಿ ಬೆಳ್ಳನ ಮಚ್ಚಿ ಬಿದ್ವು. ಸಂತ್ಯಾಗ ಯಾರೋ ನೋಡಿ ಇದು ದೊಡ್ಡ ಬ್ಯಾನಿ, ಕುಷ್ಠ ಅಂದ್ರಂತ. ಅಖ್ತರಿಗೆ ಹತ್ತೂದಕ್ಕಿಂತ ನಾ ದೂರ ಇರೂದ ಛಲೋ ಅಂತ ಇಲ್ಲಿ ಬಂದು ಬಿದ್ದ.”

“ಕುಷ್ಠ ಇದ್ರೂ ಗುಳಿಗಿ ಪುಕ್ಕಟ ಸಿಗ್ತಾವ, ವಾಸಿ ಆಗ್ತೈತಿ, ಮನಿ ಬಿಡೂ ಕಾರಣ ಇಲ್ಲ,” ಎಂದು ಮಮತಾ ನಡುವೆ ಬಾಯಿ ಹಾಕಿದರು. “ಮತ್ತ ಇದು ಕುಷ್ಠ ಅಲ್ಲೇ ಅಲ್ಲ. ಆ ಟ್ಯೂಬಿನಾಗಿನ ಸ್ಟಿರಾಯ್ಡಿಗೆ ಚರ್ಮ ಬೆಳ್ಳಗಾಗಿರ್ತೈತಿ. ಒಬ್ಬರೂ ನಮ್ಮ ಕಡೆ ಕರಕೊಂಡು ಬರಲಿಲ್ಲಲ್ಲ!”

ಅಖ್ತರಿ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಆಕೆ ಆಗಲೇ ಅರಳೆ ಚೀಲಗಳನ್ನು ದಾಟಿ ಹಿತ್ತಲ ಕಡೆ ಓಡಿದ್ದಳು.

*

ಹಿತ್ತಲಲ್ಲಿ ಹತ್ತಿ ತುಂಬಿಡುವ ಕಲ್ಲಿನ ಕೋಣೆ. ಕಿಟಕಿ ಇಲ್ಲ, ಮಾಡಿನ ಹತ್ತಿರ ಒಂದು ಗವಾಕ್ಷಿ. ದಪ್ಪ ಬಾಗಿಲು ಒಳಗಿನಿಂದ ಅಗಳಿ ಹಾಕಿತ್ತು.

“ಏನ್ರೀ,” ಎಂದಳು ಅಖ್ತರಿ. “ಏನ್ರೀ, ನಾನು.”

ಒಳಗೆ ಏನೋ ಸರಿದ ಸದ್ದು.

“ಬಾಗಲಾ ಮುರೀಬ್ಯಾಡ್ರಿ ಸಾಹೇಬ್ರ,” ಎಂದು ಶಫೀಕ ಹಿಂದಿನಿಂದ ಕೈ ಮುಗಿದ. “ಯಾರರ ಒಳಗ ಬಂದ್ರ ಜೀವಾ ಕಳಕೊಂತೀನಂತ ಹೇಳ್ಯಾನ. ಹತ್ತಿ ಧೂಳಿಗೆ ದನೀನೂ ಹೋಗೇತಿ. ಹೌದಂದ್ರ ಒಂದ ಸಲ ಬಡೀತಾನ, ಇಲ್ಲಂದ್ರ ಎರಡ ಸಲ.”

ಬಾಗಿಲು ಮುರಿಯುವುದು ನನಗೆ ಹೊಸದಲ್ಲ. ಆದರೆ ಇಲ್ಲಿ ಅಪರಾಧ ಎಲ್ಲಿದೆ? ವಯಸ್ಸಿಗೆ ಬಂದ ಮನುಷ್ಯ, ತನ್ನ ಇಷ್ಟದಿಂದ ಕೂತಿದ್ದಾನೆ. ‘ಸಿಕ್ಕಿದ್ದಾನೆ, ಮನೆಗೆ ಬರಲು ಒಪ್ಪುತ್ತಿಲ್ಲ’ ಎಂದು ಬರೆದು ಕಡತ ಮುಚ್ಚುವುದಷ್ಟೇ ನನಗೆ ಉಳಿದ ಕೆಲಸ. ಅದನ್ನು ಅಖ್ತರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

“ಕೇಳಾಕತ್ತೀರೇನ್ರಿ?” ಎಂದಳು ಆಕೆ.

ಒಂದು ಬಡಿತ.

ಅಖ್ತರಿ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಮಮತಾ ಕಡೆ ತಿರುಗಿ, “ಬಾಯಾರ, ಒಂದ ಕಪ್ಪ ಕಾಗದ ಕೊಡ್ರಿ,” ಎಂದಳು. ಆಮೇಲೆ ಬಾಗಿಲಿಗೆ ಹೇಳಿದಳು. “ನಿಮಗ ಆಗಿದ್ದು ದೊಡ್ಡ ಬ್ಯಾನಿ ಅಲ್ರಿ. ನನಗೂ ಆಗೇತಿ, ಅದಕ್ಕ ಗುಳಿಗಿ ಸಿಕ್ಕೈತಿ. ಎರಡೂವರಿ ತಾಸಿನ್ಯಾಗ ಈ ಬಾಯಾರು ನಿಮಗೂ ಹೇಳ್ತಾರ. ಇದರಾಗ ಒಂದೀಟು ಕೆರದ ಹಾಕಿ ಕೊಡ್ರಿ. ಬಾಗಲಾ ತಗೀಬ್ಯಾಡ್ರಿ. ಕೆಳಗಿಂದ ಕೊಡ್ರಿ ಸಾಕು.”

ಮಮತಾ ಕೆರೆಯಲು ಮೊಂಡು ಅಂಚಿನ ಸಣ್ಣ ಲೋಹದ ಪಟ್ಟಿಯನ್ನೂ ಕಪ್ಪು ಕಾಗದವನ್ನೂ ಬಾಗಿಲ ಕೆಳಗೆ ತಳ್ಳಿದರು. ವೃತ್ತದ ಅಂಚಿನಲ್ಲಿ ಕೆರೆಯಬೇಕು, ರಕ್ತ ಬರಬಾರದು ಎಂದು ಜೋರಾಗಿ ಹೇಳಿದರು. ಶಫೀಕ ತಡೆಯುತ್ತಾನೇನೋ ಎಂದು ನಾನು ನೋಡಿದೆ. ಅವನು ಮುಖದ ಬೆವರು ಒರೆಸಿಕೊಳ್ಳುತ್ತಿದ್ದ.

“ತಗೊಂಡ ಹೋಗ್ಲಿ ಬಿಡ್ರಿ,” ಎಂದ. “ಗಜಕರ್ಣ ಅಂದ್ರ ಗಜಕರ್ಣ. ಯಾರ ಮೈಮ್ಯಾಲ ಇದ್ರೂ ಒಂದ.”

ಆ ಮಾತು ನನಗೆ ಅಲ್ಲೇ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಬೇಸರದ ಮಾತು ಎಂದುಕೊಂಡೆ.

ಐದು ನಿಮಿಷದ ಮೇಲೆ ಮಡಿಚಿದ ಕಪ್ಪು ಕಾಗದ ಬಾಗಿಲ ಕೆಳಗಿನಿಂದ ಹೊರಗೆ ಬಂತು. ತಳ್ಳಿದ ಬೆರಳಿನ ತುದಿ ಒಂದು ಕ್ಷಣ ಕಂಡಿತು. ಅಖ್ತರಿ ಅದನ್ನು ಮುಟ್ಟಲು ಬಾಗುವಷ್ಟರಲ್ಲಿ ಬೆರಳು ಒಳಗೆ ಹೋಯಿತು. ಮಮತಾ ಕಾಗದ ಹಿಡಿದು ಆಸ್ಪತ್ರೆಗೆ ಹೊರಟರು.

*

ಆ ಎರಡೂವರೆ ತಾಸು ನಾನು ಅಲ್ಲಿರಬಾರದಿತ್ತು. ಎದ್ದು ಹೋಗಬೇಕೆಂದು ನಾಲ್ಕು ಸಲ ಅಂದುಕೊಂಡೆ, ಹೋಗಲಿಲ್ಲ. ಶಫೀಕನನ್ನು ಬಿಟ್ಟು ಹೋಗಬಾರದೆಂಬುದು ನೆಪ. ಅಖ್ತರಿ ಗಂಡನಿಗೆ ಹೇಳುವುದನ್ನು ಕೇಳಬೇಕೆಂದು ನನಗೇ ಆಸೆಯಾಗಿತ್ತು, ಅದೇ ನಿಜ.

ಅಖ್ತರಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮೊದಲು ಊರ ಸುದ್ದಿ ಹೇಳಿದಳು. ಪಕ್ಕದ ಮನೆಯ ಹಸೀನಾಬಿಯ ಮೇಕೆ ಎರಡು ಮರಿ ಹಾಕಿದ್ದು, ನಲ್ಲಿಯ ನೀರು ಈಗ ಬೆಳಗಿನ ಬದಲು ಮಧ್ಯಾಹ್ನ ಬರುವುದು, ಅರಳೆ ಹಿಂಜುವ ಅವನ ಹಳೆಯ ಬಿಲ್ಲಿಗೆ ಗೆದ್ದಲು ಹತ್ತದಂತೆ ತಾನು ಎಣ್ಣೆ ಹಚ್ಚುವುದು. ಸಂಜೆ ಕೆಲಸದಿಂದ ಬಂದ ಗಂಡನಿಗೆ ಹೇಳುವ ಹಾಗೇ ಹೇಳಿದಳು. ನಡುನಡುವೆ “ಹೌದಲ್ರಿ?” ಎಂದರೆ ಒಳಗಿನಿಂದ ಒಂದು ಬಡಿತ.

“ಸಂಜಿಗೆ ಬಂದಾಗ ನಿಮ್ಮ ತಲ್ಯಾಗ ಹತ್ತಿ ಎಳಿ ಇರ್ತಿದ್ವು,” ಎಂದಳು. “ನಾ ಆರಿಸಿ ತಗೀತಿದ್ನಿ. ನಿಮಗ ಅಷ್ಟರಾಗ ನಿದ್ದಿ ಬರ್ತಿತ್ತು. ಈಗ ಸಂಜಿ ಆತಂದ್ರ ನನ್ನ ಬೆರಳಿಗೆ ಏನೂ ಕೆಲಸ ಇಲ್ರಿ. ಸುಮ್ಮನ ಅಕ್ಕಿ ಹಸನ ಮಾಡ್ತೇನಿ. ಮಾಡಿದ್ದನ್ನ ಮತ್ತ ಮಾಡ್ತೇನಿ.”

ಆಕೆ ಮಂಡಿಯ ಮೇಲೆ ಕೂತಿದ್ದ ಹತ್ತಿಯ ಎಳೆಯೊಂದನ್ನು ಆರಿಸಿ ತೆಗೆದಳು.

“ಬ್ಯಾಸಗ್ಯಾಗ ನಿಮ್ಮ ಹಾಸಿಗಿ ಬ್ಯಾರೆ ಹಾಕಿದ್ನೆಲ್ಲ, ಸೆಕಿ ಅಂತ ಹಾಕಿದ್ನಿ. ಖರೆ ಹೇಳ್ತೇನಿ, ಬರೇ ಸೆಕಿ ಅಂತ. ನೀವು ಬ್ಯಾರೆ ತಿಳಕೊಂಡ್ರಿ. ನಾನು ಆವತ್ತ ಕೇಳಿದ್ರ ನೀವು ಹೋಗ್ತಿರಲಿಲ್ಲ.” ಆಕೆ ಬಾಗಿಲಿನ ಕಡೆ ಮುಖ ತಿರುಗಿಸಿದಳು. “ಆ ಒಂದ ರಾತ್ರಿ ಹಾಸಿಗಿ ತಿರುಗಿ ಹಾಕಾಕ ಬಂದಿದ್ರ ಅಂತ ದಿನಾ ಅಂದಕೊಂತೇನಿ. ನನ್ನ ಮ್ಯಾಲ ಸಿಟ್ಟೈತೇನ್ರಿ?”

ಎರಡು ಬಡಿತ. ಇಲ್ಲ.

ಅಖ್ತರಿ ಕಣ್ಣು ಮುಚ್ಚಿದಳು. ಎಂಟು ತಿಂಗಳಲ್ಲಿ ಆಕೆಯ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಸಂಕಟವೂ ಆಯಿತು. ಇಷ್ಟು ಬೇಕೆನ್ನುವ ಜೀವವೊಂದು ಹೊರಗೆ ಕೂತಿರುವಾಗ ಒಳಗಿನವನು ಅಗಳಿ ತೆಗೆಯದೆ ಹೇಗಿರುತ್ತಾನೆಂದು ಅವನ ಮೇಲೆ ಕೋಪವೂ ಬಂತು.

*

ಮೂರೂವರೆಗೆ ಮಮತಾ ಬಂದರು. ಬಾಗಿಲ ಹತ್ತಿರ ಬರಲಿಲ್ಲ, ಅಂಗಡಿಯ ಮಗ್ಗುಲಿನಿಂದಲೇ ನನ್ನನ್ನು ಕೈಸನ್ನೆ ಮಾಡಿ ಕರೆದರು.

“ಇಲ್ಲ,” ಎಂದರು.

“ಏನ ಇಲ್ಲ?”

“ಬದಲಾವಣಿ. ಅಖ್ತರಿ ಮೈಮ್ಯಾಲಿಂದಕ್ಕ ಎರಡ ಕಡೆ ಐತಿ, ಕರಿಯವ್ವಂದಕ್ಕ ಎರಡ ಕಡೆ ಐತಿ. ಇದಕ್ಕ ಒಂದೂ ಇಲ್ಲ. ಪುಡಿ ಎರಡ ಪಾಲು ಮಾಡಿ ಜೋಡೀಲೆ ಹಾಕಿದ್ನಿ, ಎರಡೂ ಅದನ್ನ ಹೇಳಿದ್ವು. ಸಾದಾ ಗಜಕರ್ಣ. ಸಾದಾ ಗುಳಿಗಿಗೆ ಹೋಗ್ತೈತಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಎಂಟ ತಿಂಗಳಾಗ ತಾನ ಮೊದಲಿನಂಗ ಆಗಿರಬಹುದಲ್ಲ?”

“ಹಂಗ ಆಗಿದ್ದು ನಾ ನೋಡಿಲ್ಲ. ಹಳೇದು ಹೋಗಿ ಹೊಸಾದು ಯಾವುದರ ಅಂಟಿದ್ರ ಅಂಟಿರಬಹುದು. ನೂರಕ್ಕ ನೂರು ಅಂತ ನಾ ಬರದ ಕೊಡಂಗಿಲ್ಲ ಫಕೀರೇಶಪ್ಪಾರ. ಆದ್ರ ಆ ಮುಂಡರಗಿ ಗಾದಿ ಮ್ಯಾಲ ಹೊರಳಿದಾವನ ಪುಡಿ ಇದು ಅಂತ ನನಗ ಅನಸಂಗಿಲ್ಲ.”

ತಿರುಗಿ ನೋಡಿದರೆ ಅಖ್ತರಿ ನಮ್ಮ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಹೊಸಾದು ಅಂಟಿರಬೇಕ್ರಿ,” ಎಂದಳು ತಟ್ಟನೆ. “ಅಷ್ಟ ದಿನ ಇಲ್ಲಿ ಇದ್ದಾರ. ಶಫೀಕಂದು ಅಂಟಿರಬೇಕು. ಬಾಯಾರ ಹೇಳಿದ್ರಲ್ಲ, ಆಗ್ತೈತಂತ.”

“ಆಗಬಹುದಂತ ಹೇಳಿದ್ನಿ,” ಎಂದರು ಮಮತಾ, ಬಹಳ ಮೆತ್ತಗೆ.

ಅಖ್ತರಿ ತಲೆಯಾಡಿಸಿದಳು. ನಾನು ಏನಾದರೂ ಹೇಳುತ್ತೇನೆಂದು ನನ್ನ ಮುಖ ನೋಡಿದಳು. ನನಗೆ ಸುಳ್ಳು ಹೇಳುವ ಮನಸ್ಸಾಗಿತ್ತು. ಆ ಬಾಗಿಲ ಹಿಂದೆ ಮಾಶಾಕನೇ ಇರಲಿ ಎಂದು ನಾನು ಅಷ್ಟು ಹಂಬಲಿಸಿದ್ದು ನೌಕರಿಯಲ್ಲಿ ಅದೇ ಮೊದಲು.

ಆಕೆ ತಿರುಗಿ ನಿಧಾನವಾಗಿ ಬಾಗಿಲ ಹತ್ತಿರ ಹೋದಳು. ಈ ಸಲ ಕೂರಲಿಲ್ಲ. ಹಣೆಯನ್ನು ಮರಕ್ಕೆ ಆನಿಸಿದಳು.

“ಏನ್ರೀ, ಇನ್ನೊಂದ ಹೇಳೂದು ಮರತಿದ್ನಿ,” ಎಂದಳು. ದನಿ ಮೊದಲಿನಷ್ಟೇ ಮೆತ್ತಗಿತ್ತು. “ಮಹೆಕ ದಿನಾ ನಿಮ್ಮನ್ನ ಕೇಳ್ತಾಳ. ಅಪ್ಪ ಯಾವಾಗ ಬರ್ತಾನ, ಯಾವಾಗ ಬರ್ತಾನ ಅಂತಾಳ. ಉಣ್ಣಾಕ ಕುಂತಾಗ ನಿಮ್ಮ ತಾಟೂ ತಂದ ಇಡ್ತಾಳ. ನಾಳೆ ಆಕಿನ್ನ ಕರಕೊಂಡ ಬರ್ಲೇನ್ರಿ? ಆಕಿ ದನಿ ಕೇಳ್ತೀರಿ?”

ಮಹೆಕ. ಈ ಹೆಸರು ನನ್ನ ಕಡತದಲ್ಲಿ ಎಲ್ಲಿಯೂ ಇರಲಿಲ್ಲ.

ಅರಳೆ ಚೀಲದ ಮೇಲೆ ಕೂತಿದ್ದ ಶಫೀಕ ದಡಕ್ಕನೆ ಎದ್ದ. ಬಾಯಿ ತೆರೆದ. ನಾನು ಅವನ ಹೆಗಲು ಹಿಡಿದು ಅದುಮಿದೆ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿದೆ. ಅವನ ಉಸಿರು ನನ್ನ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು.

ಒಳಗೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅಖ್ತರಿ ಹಣೆ ಎತ್ತಲಿಲ್ಲ. ತುಟಿಗಳು ಮಾತ್ರ ಅಲುಗುತ್ತಿದ್ದವು. ಎರಡು ಸಲ, ಎರಡು ಸಲ, ಎಂದು ಆಕೆ ಬೇಡಿಕೊಳ್ಳುತ್ತಿದ್ದಾಳೆಂದು ನನಗೆ ಆಮೇಲೆ ತಿಳಿಯಿತು.

ಒಂದು ಬಡಿತ ಕೇಳಿತು.

ನಾವು ಕಾದೆವು. ಇನ್ನೊಂದು ಬರಲಿಲ್ಲ.

ಅಖ್ತರಿ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಇನ್ನೊಂದು. ಇಡೀ ಮಧ್ಯಾಹ್ನ ತನ್ನ ಎಂಟು ತಿಂಗಳನ್ನೆಲ್ಲ ತೆರೆದು ಹೇಳಿಕೊಂಡಿದ್ದ ಆ ಮರದ ಹಲಗೆಯನ್ನು ನೋಡುತ್ತಲೇ ನನಗೆ ಹೇಳಿದಳು.

“ಸಾಹೇಬ್ರ, ನಮಗ ಮಕ್ಕಳಿಲ್ರಿ.”